ಗಡದ ದೆವ್ವಗಳು ಯಾರ ಪೈಕಿ?

ರಾಜ ಸತ್ತರೆ ದೆವ್ವ ಆಗುವುದಿಲ್ಲ. ದೇಸಾಯಿ ಸತ್ತರೂ ಆಗುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಯಾವ ಮುದುಕಿಯನ್ನಾದರೂ ಕೇಳಿ ನೋಡಿ, ಪಾಳುಬಿದ್ದ ಕಿಲ್ಲೆಯೊಳಗೆ ರಾತ್ರಿ ಕಾಣಿಸಿಕೊಳ್ಳೋದು ಯಾರು ಅಂತ. ಬಾಗಿಲು ಕಾಯುತ್ತ ಸತ್ತವನು. ಬುರುಜಿನ ಬುಡದಲ್ಲಿ ಹೂಳಿಸಿಕೊಂಡವನು. ಬಾವಿಗೆ ಬಿದ್ದ ಬಸುರಿ. ನಿಧಿಗೆ ಅಂತ ಕೊಯ್ದ ಚೊಚ್ಚಲ ಮಗ. ಕಿರೀಟ ಹಾಕಿಕೊಂಡ ದೆವ್ವವನ್ನು ನಮ್ಮ ಕಡೆ ಯಾರೂ ನೋಡಿಲ್ಲ.

ಯಾಕೆ ನೋಡಿಲ್ಲ? ರಾಜನಿಗೆ ದೆವ್ವ ಆಗುವ ದರ್ದು ಇಲ್ಲ. ಅವನಿಗೆ ಗುಮ್ಮಟ ಐತಿ, ಶಾಸನ ಐತಿ, ಶಾಲೆಯ ಪುಸ್ತಕದಲ್ಲಿ ಚಿತ್ರ ಐತಿ. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳು ಇವತ್ತಿಗೂ ಎದೆಯುಬ್ಬಿಸಿಕೊಂಡು ನಿಂತಿವೆ. ಒಳಗೆ ಮಲಗಿದವರು ನಿಶ್ಚಿಂತೆಯಿಂದ ಮಲಗಿದ್ದಾರೆ. ಆ ಗುಮ್ಮಟದ ಕಲ್ಲು ಹೊತ್ತವರಿಗೆ ಮಲಗುವ ಜಾಗ ಎಲ್ಲಿ ಅಂತ ಯಾರೂ ಬರೆದಿಡಲಿಲ್ಲ. ಬರೆದಿಡದವರ ಪಾಲಿಗೆ ಉಳಿದದ್ದು ಕತ್ತಲೆ, ಅಮವಾಸ್ಯೆ, ಹುಣಸೇಮರ. ನಮ್ಮ ಜನರ ಇತಿಹಾಸದಲ್ಲಿ ಒಂದು ಪಾಲು ದೆವ್ವದ ಕತೆಯೊಳಗೆ ಅಡಗಿ ಕೂತಿದೆ ಎಂಬುದು ನನ್ನ ವಾದ. ಇದನ್ನು ಮೂಢನಂಬಿಕೆ ಅಂತ ಒಂದೇ ಮಾತಿನಲ್ಲಿ ಒದ್ದು ಹಾಕುವ ವಿಚಾರವಾದಿ ಗೆಳೆಯರೂ, ಭಯಭಕ್ತಿಯಿಂದ ಕಾಯಿ ಒಡೆಯುವ ಊರ ಹಿರಿಯರೂ ಇಬ್ಬರೂ ಆ ಪಾಲನ್ನು ಓದಿಲ್ಲ.

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹೋಗುವವರು ಸಂಕೇಶ್ವರದ ಹತ್ತಿರ ಒಂದು ಗುಡ್ಡದ ಮೇಲೆ ಕೋಟೆಯ ಗೋಡೆ ನೋಡಿರಬೇಕು. ಹುಕ್ಕೇರಿ ತಾಲೂಕಿನ ಹರಗಾಪುರದ ವಲ್ಲಭಗಡ ಅದು. ಹರಗಾಪುರಗಡ ಅಂತಲೂ ಕರೀತಾರೆ. ಇತ್ತ ಗೋಕಾಕದಲ್ಲೂ ಗುಡ್ಡದ ಮೇಲೆ ಮುರಕಲು ಕಿಲ್ಲೆ. ಗಡಹಿಂಗ್ಲಜ ತಾಲೂಕಿಗೆ ಹೋದರೆ ಸಾಮಾನಗಡ. ಈಗ ನಡುವೆ ರಾಜ್ಯದ ಗಡಿ ಇದೆ. ಆಗ ಇರಲಿಲ್ಲ. ಕನ್ನಡ ಮರಾಠಿ ಎರಡನ್ನೂ ಬೆರೆಸಿ ಮಾತಾಡುವ ಒಂದೇ ಜನ, ಒಂದೇ ಸಂತೆ, ಒಂದೇ ನಮೂನೆಯ ದೆವ್ವಗಳು.

ನಮ್ಮ ಆಯಿ ಹೇಳುತ್ತಿದ್ದಳು: "ಅಮಾಸಿ ದಿನ ಗಡದ ಕಡೆ ದನಾ ಹೊಡಕೊಂಡು ಹೋಗಬ್ಯಾಡ್ರೋ, ಅವ ಅದಾನ." ಅವ ಅಂದ್ರ ಯಾರಬೇ ಅಂತ ಕೇಳಿದರೆ ದನಿ ತಗ್ಗಿಸಿ, "ನಮ್ಮವನ ಅದಾನ. ಆದ್ರ ನಮ್ಮನ್ನೂ ಬಿಡೂದಿಲ್ಲ" ಅನ್ನುತ್ತಿದ್ದಳು. ಕಾಲೇಜು ಕಟ್ಟೆ ಹತ್ತಿದ ಮೇಲೆ ನನಗೆ ಈ ಮಾತು ನಗೆಪಾಟಲಾಗಿ ಕಂಡಿತ್ತು. ಈಗ ಹಾಗೆ ಕಾಣುವುದಿಲ್ಲ. "ನಮ್ಮವನ" ಎಂಬ ಒಂದು ಶಬ್ದ ಆಕೆಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ.

ಬುರುಜಿನಿಂದಲೇ ಶುರು ಮಾಡೋಣ. ಪುಣೆ ಹತ್ತಿರದ ಪುರಂದರ ಕೋಟೆಯ ಬಗ್ಗೆ ಒಂದು ಐತಿಹ್ಯ ಇದೆ. 1885ರಲ್ಲಿ ಅಚ್ಚಾದ ಮುಂಬಯಿ ಗ್ಯಾಜೆಟಿಯರಿನ ಪುಣೆ ಸಂಪುಟದಲ್ಲೂ ಅದು ಸೇರಿದೆ. ಬೀದರಿನ ಬಾದಶಹನ ಕಾಲದಲ್ಲಿ ಅಲ್ಲಿ ಶೇಂದರ್ಯಾ ಬುರುಜು ಕಟ್ಟುತ್ತಿದ್ದರಂತೆ. ಕಟ್ಟಿದಂತೆಲ್ಲ ಕುಸಿಯಿತಂತೆ. ಕನಸು ಬಿತ್ತು: ಚೊಚ್ಚಲ ಮಗನನ್ನೂ ಅವನ ಹೆಂಡತಿಯನ್ನೂ ಜೀವಂತ ಹೂತರೆ ಬುರುಜು ನಿಲ್ಲುತ್ತದೆ. ಕೋಟೆಯ ನಾಯಕ ಹುಡುಕಿ ತಂದ ಜೋಡಿಯ ಹೆಸರು ನಾಥನಾಕ, ದೇವಕಾಯಿ. "ನಾಕ" ಎಂಬ ಬಾಲ ಕೇಳಿದ ಕೂಡಲೇ ಆ ಕಡೆಯವರಿಗೆ ಕೇರಿ ಯಾವುದು ಅಂತ ಗೊತ್ತಾಗುತ್ತದೆ. ಅದು ಮಹಾರರ ಹೆಸರು. ಹೂತರು, ಬುರುಜು ನಿಂತಿತು, ಇನಾಮು ಹಂಚಿದರು. ಕತೆ ಮುಗೀತು.

ಇತಿಹಾಸದ ಮಾಸ್ತರರು ಕೇಳುತ್ತಾರೆ, ಇದಕ್ಕೆ ಪುರಾವೆ ಏನು? ಬುರುಜು ಅಗೆದು ಎಲುಬು ತೆಗೆದಿದ್ದೀರಾ? ಇಲ್ಲ. ಪ್ರತಿ ಕೋಟೆಯ ಬುಡದಲ್ಲೂ ಹೆಣ ಇದೆ ಅಂತ ನಾನೂ ಹೇಳುವುದಿಲ್ಲ. ಆದರೆ ನೂರಾರು ವರ್ಷ ಈ ಕತೆ ಹೇಳಿದವರಿಗೂ ಕೇಳಿದವರಿಗೂ ಅದರಲ್ಲಿ ನಂಬಲಾಗದ ಸಂಗತಿ ಒಂದೂ ಕಾಣಲಿಲ್ಲ. ಬುರುಜು ಕುಸಿದರೆ ಹೂಳಬೇಕಾದವರು ಯಾರು ಎಂಬ ಪ್ರಶ್ನೆಗೆ ಎಲ್ಲರಿಗೂ ಮೊದಲೇ ಉತ್ತರ ಗೊತ್ತಿತ್ತು. ಬಾದಶಹನಿಗೂ ಚೊಚ್ಚಲ ಮಗ ಇದ್ದಿರಬೇಕು, ನಾಯಕನಿಗೂ ಇದ್ದಿರಬೇಕು. ಕನಸು ಮಾತ್ರ ದಾರಿ ತಪ್ಪದೆ ಕೇರಿಗೇ ಬಂತು. ನನಗೆ ಬೇಕಾದ ಪುರಾವೆ ಇದು.

ಬುರುಜು ಯಾಕೆ ಕುಸಿಯುತ್ತದೆ ಎಂದು ಒಬ್ಬ ಒಡ್ಡರ ಮೇಸ್ತ್ರಿಯನ್ನು ಕೇಳಿದ್ದರೆ ಹೇಳುತ್ತಿದ್ದ. ಗೋಡೆಯ ಹಿಂದೆ ಮಣ್ಣು ತುಂಬುತ್ತಾರೆ. ಮಳೆಗಾಲದಲ್ಲಿ ಮಣ್ಣು ನೀರು ಕುಡಿದು ಉಬ್ಬುತ್ತದೆ. ನೀರು ಹೊರಗೆ ಹೋಗಲು ಕಿಂಡಿ ಬಿಡದಿದ್ದರೆ ಒಳಗಿನ ಒತ್ತಡ ಗೋಡೆಯನ್ನು ದೂಡುತ್ತದೆ. ಬುಡದಲ್ಲಿ ಗಟ್ಟಿ ಕಲ್ಲು ಸಿಗದೆ ಸಡಿಲ ಮಣ್ಣಿನ ಮೇಲೆ ಪಾಯ ಹಾಕಿದರಂತೂ ಮುಗಿದೇ ಹೋಯಿತು. ಕಟ್ಟಿಸಿದವನ ಅವಸರಕ್ಕೆ, ಲೆಕ್ಕ ತಪ್ಪಿದ್ದಕ್ಕೆ ಬಲಿ ಕೇಳಿದ್ದು ಭೂಮಿತಾಯಿ ಅಂತ ಹೆಸರು ಬಂತು.

ಹಾಗಂತ ಬಲಿ ಯಾವಾಗಲೂ ಕೇರಿಯಿಂದಲೇ ಬಂತು ಅಂತಲ್ಲ. ನಮ್ಮ ಹೆಣ್ಣುಮಕ್ಕಳು ಬೀಸುಕಲ್ಲ ಮುಂದೆ ಹಾಡಿಕೊಂಡು ಬಂದ "ಕೆರೆಗೆ ಹಾರ"ದಲ್ಲಿ ನೀರು ಬಾರದ ಕೆರೆಗೆ ಆಹುತಿಯಾದವಳು ಗೌಡರ ಮನೆಯ ಕಿರಿಯ ಸೊಸೆ ಭಾಗೀರಥಿ. ಊರಿನಲ್ಲಿ ಕೇರಿ ಹೇಗೋ ಮನೆಯಲ್ಲಿ ಕಿರಿಸೊಸೆ ಹಾಗೆ. ಯಾರು ತಿರುಗಿ ಕೇಳಲಾರರೋ ಅವರ ಕಡೆಗೆ ಜೋಯಿಸರ ಬೆರಳು ತಿರುಗುತ್ತದೆ. ಭಾಗೀರಥಿಗೆ ಹಾಡು ಸಿಕ್ಕಿತು, ದೇವಕಾಯಿಗೆ ಅದೂ ಸಿಗಲಿಲ್ಲ. ವ್ಯತ್ಯಾಸ ಇಷ್ಟೇ ಎಂದರೂ ಅದು ಸಣ್ಣ ವ್ಯತ್ಯಾಸ ಅಲ್ಲ.

ಬೀದರಿನ ಬಾದಶಹನ ಹೆಸರು ಬಂದಿತಲ್ಲ, ಅವನದೇ ಇನ್ನೊಂದು ಕತೆ. ಅಮೃತನಾಕ ಎಂಬ ಮಹಾರ ವೀರನದು. ಕಾಡಿನಲ್ಲಿ ಕಳೆದುಹೋದ ಬೇಗಮಳನ್ನು ಹುಡುಕಿ ತರಲು ಅವನನ್ನು ಕಳಿಸುತ್ತಾರೆ. ಹೋಗುವ ಮುಂಚೆ ಒಂದು ಮೊಹರು ಹಾಕಿದ ಕರಡಿಗೆಯನ್ನು ಬಾದಶಹನ ಕೈಗೆ ಕೊಟ್ಟು ಹೋಗುತ್ತಾನೆ. ಬೇಗಮಳನ್ನು ತಂದು ಒಪ್ಪಿಸಿದ ಮೇಲೆ ದರಬಾರಿಗೆ ಸಂಶಯ: ದಾರಿಯಲ್ಲಿ ಇಷ್ಟು ದಿನ ಇಬ್ಬರೇ! "ಕರಡಿಗೆ ತೆಗೆಯಿರಿ" ಅನ್ನುತ್ತಾನೆ ಅಮೃತನಾಕ. ಒಳಗೆ ಅವನು ಮೊದಲೇ ಕತ್ತರಿಸಿ ಇಟ್ಟ ಅವನದೇ ಗಂಡಸುತನ. ನಾಚಿದ ಬಾದಶಹ ಏನು ಬೇಕು ಕೇಳು ಅಂದಾಗ ಅವನು ತನಗಾಗಿ ಏನೂ ಕೇಳದೆ ತನ್ನ ಜನಕ್ಕೆ ಐವತ್ತೆರಡು ಹಕ್ಕು ಕೇಳಿಕೊಂಡ. ಕಣದಲ್ಲಿ ಕಾಳು, ಮನೆ ಮನೆಯ ರೊಟ್ಟಿ, ಸತ್ತ ದನದ ತೊಗಲು, ಹೆಣದ ಮೇಲಿನ ಬಟ್ಟೆ, ಹೀಗೆ.

ಈ ಕತೆಯನ್ನು ಅಭಿಮಾನದಿಂದ ಹೇಳುವವರಿದ್ದಾರೆ. ನನಗೆ ಅಭಿಮಾನಕ್ಕಿಂತ ಸಂಕಟವೇ ಹೆಚ್ಚು. ಒಬ್ಬ ಮನುಷ್ಯ ತನ್ನ ನಿಯತ್ತು ತೋರಿಸಲು ತನ್ನ ದೇಹವನ್ನೇ ಕತ್ತರಿಸಿ ಮುಂಗಡ ಇಡಬೇಕು. ಅಷ್ಟು ಕೊಟ್ಟ ಮೇಲೆ ಸಿಕ್ಕಿದ್ದು ಹೆಣದ ಮೇಲಿನ ಬಟ್ಟೆಯ ಹಕ್ಕು. ಕೋಟೆಯ ಯಜಮಾನನಿಗೂ ಕೇರಿಗೂ ನಡೆದ ಕರಾರು ಎಂಥದು ಅಂತ ತಿಳಿಯಲು ಈ ಕತೆಗಿಂತ ಚಂದದ ದಾಖಲೆ ಬೇಕೇ? ಕನ್ನಡ ಶಾಸನಗಳಲ್ಲಿ "ನೆತ್ತರುಗೊಡಗೆ" ಎಂಬ ಶಬ್ದ ಬರುತ್ತದೆ, ಕಾದಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ. ನೆತ್ತರಿಗೆ ಇಷ್ಟು ಕೊಡಗೆ ಅಂತ ದರ ಕಟ್ಟಿ ಕಲ್ಲಿನ ಮೇಲೆ ಕೆತ್ತುತ್ತಿದ್ದ ನಾಡು ಇದು.

ಇನ್ನು ಬಾಗಿಲು ಕಾಯುತ್ತ ಸತ್ತವನು. ಮರಾಠರ ಕೋಟೆಗಳ ವ್ಯವಸ್ಥೆಯನ್ನು ಗ್ರ್ಯಾಂಟ್ ಡಫ್ 1826ರ ತನ್ನ ಇತಿಹಾಸದಲ್ಲಿ ವಿವರಿಸಿದ್ದಾನೆ. ಮೇಲೆ ಹವಾಲದಾರ ಮರಾಠ, ಲೆಕ್ಕ ಬರೆಯುವ ಸಬನೀಸ ಬ್ರಾಹ್ಮಣ, ಉಗ್ರಾಣ ನೋಡುವ ಕಾರಖಾನೀಸ ಪ್ರಭು. ಗೋಡೆಯ ಹೊರಗೆ, ಗುಡ್ಡದ ಇಳುಕಲಿನಲ್ಲಿ ರಾಮೋಶಿ, ಮಹಾರ, ಮಾಂಗ. ಅವರ ಕೆಲಸ ದಾರಿ ಕಾಯೋದು, ಕಾಡು ಸುತ್ತೋದು, ಸುದ್ದಿ ತರೋದು. ನಮ್ಮ ಕಡೆ ಇದೇ ಕೆಲಸದಲ್ಲಿ ಬ್ಯಾಡರೂ ಇದ್ದರು. ಚಾಕರಿಗೆ ಬದಲಾಗಿ ಗುಡ್ಡದ ಬುಡದಲ್ಲಿ ಕಂದಾಯ ಇಲ್ಲದ ತುಂಡು ಭೂಮಿ, ಅಪ್ಪನಿಂದ ಮಗನಿಗೆ. ವೈರಿ ಬಂದರೆ ಮೊದಲು ಸಾಯುವವರು ಗೋಡೆಯ ಹೊರಗಿನವರು. ಗೋಡೆ ಯಾರನ್ನು ಕಾಯಲು ಕಟ್ಟಿದ್ದು ಅಂತ ನಕ್ಷೆ ನೋಡಿದರೇ ತಿಳಿಯುತ್ತದೆ. ಊರಿನ ನಕ್ಷೆಯೂ ಅದೇ, ಕೇರಿ ಹೊರಗೆ. ಕೋಟೆ ಅಂದರೆ ಗುಡ್ಡದ ಮೇಲೆ ಎತ್ತಿ ಇಟ್ಟ ಊರು.

1818ರಲ್ಲಿ ಪೇಶವೆ ಬಿದ್ದ. ಅದೇ ವರ್ಷ ಏಪ್ರಿಲ್ 10ರಂದು ಮನ್ರೋ ಬೆಳಗಾವಿ ಕೋಟೆ ತೆಗೆದುಕೊಂಡ. ಮೇಲಿನವರು ಪೆನ್ಶನ್, ಸರಂಜಾಮು ಅಂತ ತಮ್ಮ ದಾರಿ ನೋಡಿಕೊಂಡರು. ಕೆಳಗಿನವರಿಗೆ ಕೋಟೆಯೇ ಹೊಲ, ಕೋಟೆಯೇ ರೊಟ್ಟಿ. ಕೊಲ್ಲಾಪುರ ಸಂಸ್ಥಾನದ ಗಡಗಳಲ್ಲಿ ಈ ವಂಶಪಾರಂಪರ್ಯದ ಕಾವಲುಗಾರರು, ಅಂದರೆ ಗಡಕರಿಗಳು, ಇನ್ನೂ ಉಳಿದಿದ್ದರು. ಅಲ್ಲಿ ಬ್ರಿಟಿಷರು ಕೂರಿಸಿದ ಕಾರಭಾರಿ ದಾಜಿ ಪಂಡಿತ. ಗಡದ ಜಮೀನುಗಳ ಆಡಳಿತವನ್ನು ಗಡಕರಿಗಳಿಂದ ಬಿಡಿಸಿ ಮಾಮಲೇದಾರರ ಕೈಗೆ ಕೊಟ್ಟ. ಕಾಗದದ ಮೇಲೆ ಅದು ಸುಧಾರಣೆ. ಗಡದ ಮೇಲೆ ಕೂತವನಿಗೆ ಮಾತ್ರ ಅದರ ಅರ್ಥ ಬ್ಯಾರೆ: ಅಜ್ಜ ನೆತ್ತರು ಕೊಟ್ಟು ಪಡೆದ ಹೊಲದ ಮುಂದೆ ನಾಳೆ ಕುಲಕರ್ಣಿ ಬಂದು ನಿಲ್ಲುತ್ತಾನೆ.

1844ರ ಜುಲೈಯಲ್ಲಿ ಸಾಮಾನಗಡದ ಗಡಕರಿಗಳು ಬಾಗಿಲು ಹಾಕಿಕೊಂಡರು. ರಾಜನಿಗಾಗಿ ಅಲ್ಲ, ಸ್ವರಾಜ್ಯಕ್ಕಾಗಿ ಅಂತ ನಾವು ಈಗ ಬಣ್ಣ ಬಳಿಯುವುದೂ ಬೇಡ. ಹೊಲಕ್ಕಾಗಿ. ದಂಡು ಬಂದದ್ದು ನಮ್ಮ ಬೆಳಗಾವಿಯಿಂದಲೇ, ನಮ್ಮ ಹಳ್ಳಿಗಳ ಮೇಲೆ ಹಾದು. ಮೊದಲು ಬಂದ ತುಕಡಿಯಿಂದ ಆಗಲಿಲ್ಲ. ಬಂಡಾಯ ಭೂದರಗಡಕ್ಕೆ ಹಬ್ಬಿತು, ಕೊಲ್ಲಾಪುರ ಪಟ್ಟಣಕ್ಕೆ ಮುಟ್ಟಿತು. ಕಡೆಗೆ ಜನರಲ್ ಡೆಲಾಮೋಟ್ ದೊಡ್ಡ ಸೈನ್ಯ ತಂದು ಅಕ್ಟೋಬರ್ 13ರಂದು ಸಾಮಾನಗಡಕ್ಕೆ ನುಗ್ಗಿದ. ಡಿಸೆಂಬರ್ 1ಕ್ಕೆ ಪನ್ಹಾಳಗಡವೂ ಬಿತ್ತು. ಆಮೇಲೆ ಬ್ರಿಟಿಷರು ಎರಡು ಕೆಲಸ ಮಾಡಿದರು. ಗಡಗಳನ್ನು ಕೆಡವಿಸಿದರು. ಗಡಕರಿಗಳ ವಂಶಪಾರಂಪರ್ಯದ ಕಾವಲು ರದ್ದು ಮಾಡಿದರು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ದೆವ್ವ ಅಂದರೆ ಅನಾದಿ ಅಂತ ನಾವು ತಿಳಿದಿದ್ದೇವೆ. ಆದರೆ ಜನ ತುಂಬಿದ ಕೋಟೆಯಲ್ಲಿ, ದಿನಾ ರಾತ್ರಿ ಗಸ್ತು ತಿರುಗುವ, ದನ ಕಟ್ಟುವ, ಮಕ್ಕಳು ಅಳುವ ಕೋಟೆಯಲ್ಲಿ ದೆವ್ವಕ್ಕೆ ಎಲ್ಲಿ ಜಾಗ? ಕಾವಲು ತೆಗೆದ ಮೇಲೆ ಕೋಟೆ ಪಾಳು ಬಿತ್ತು, ಪಾಳು ಬಿದ್ದ ಮೇಲೆ ದೆವ್ವ ಬಂತು. ಅಂದರೆ ನಮ್ಮ ಸೀಮೆಯ ಗಡದ ದೆವ್ವಕ್ಕೆ ವಯಸ್ಸು ಹೆಚ್ಚೆಂದರೆ ಇನ್ನೂರು ವರ್ಷ. ರಾತ್ರಿ ಬುರುಜಿನ ಮೇಲೆ ಕಂದೀಲು ಹಿಡಿದು ತಿರುಗುವ ಆಕೃತಿ ಎಂದು ಜನ ಹೇಳುವುದು ಕೆಲಸ ಕಳೆದುಕೊಂಡ ಕಾವಲುಗಾರನ ನೆನಪು ಅಂತ ನನಗೆ ತೋರುತ್ತದೆ. ಸರಕಾರ ಅವನ ಚಾಕರಿ ತೆಗೆಯಿತು. ಕತೆ ತೆಗೆಯಲಿಲ್ಲ, ಇನ್ನೂ ಗಸ್ತು ಹೊಡೆಸುತ್ತಿದೆ.

ನೆನಪು ದೆವ್ವವಾಗಿಯೇ ಉಳಿಯಬೇಕು ಅಂತ ಏನೂ ಇಲ್ಲ. ಮೂಡಲಗಿಯಿಂದ ಮೂಡಲಕ್ಕೆ ಹೋದರೆ ಮುಧೋಳ ತಾಲೂಕಿನ ಹಲಗಲಿ. 1857ರಲ್ಲಿ ಆಯುಧ ಒಪ್ಪಿಸಿರಿ ಅಂತ ಹುಕುಂ ಬಂದಾಗ ಅಲ್ಲಿಯ ಬ್ಯಾಡರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ದಂಡು ರಾತ್ರೋರಾತ್ರಿ ಬಂದು ಊರಿಗೆ ಬೆಂಕಿ ಇಟ್ಟಿತು. ಹಿಡಿದವರಲ್ಲಿ ಹಲವರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೆ ಹಾಕಿದರು. ಅಷ್ಟೊಂದು ಜನ ಅಕಾಲದಲ್ಲಿ ಸತ್ತ ಊರು. ನಮ್ಮ ಲೆಕ್ಕದ ಪ್ರಕಾರ ಅಲ್ಲಿ ದೆವ್ವಗಳ ಜಾತ್ರೆಯೇ ಆಗಬೇಕಿತ್ತು. ಹಲಗಲಿ ಅಂದ ಕೂಡಲೇ ನಮಗೆ ನೆನಪಾಗುವುದು ದೆವ್ವ ಅಲ್ಲ, ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು. ಯಾಕಂದರೆ ಲಾವಣಿಕಾರರು ಡಪ್ಪು ಹಿಡಿದು ಆ ಹೆಸರುಗಳನ್ನು ಊರೂರ ಮೇಲೆ ಹಾಡಿದರು. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ 1885ರಲ್ಲಿ ಆ ಲಾವಣಿಯನ್ನು ಅಚ್ಚು ಹಾಕಿಸಿದ. ನಮ್ಮ ಪಂಡಿತರಿಗೆ ಪುರುಸೊತ್ತು ಆಗಿರಲಿಲ್ಲ ಅಂತ ಕಾಣುತ್ತದೆ.

ಚಿತ್ರದುರ್ಗದ ಒನಕೆ ಓಬವ್ವನದೂ ಹಾಗೆಯೇ. ಕಹಳೆ ಊದುವ ಕಾವಲುಗಾರನ ಹೆಂಡತಿ, ಹೊಲೆಯರ ಹೆಣ್ಣುಮಗಳು. ಗಂಡ ಉಣ್ಣಲು ಕೂತಾಗ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಒಬ್ಬೊಬ್ಬರನ್ನಾಗಿ ಬಡಿದಳು ಎನ್ನುವ ಕತೆ ನಿಮಗೆಲ್ಲ ಗೊತ್ತು. 1779ರಲ್ಲಿ ದುರ್ಗ ಬಿತ್ತು, ನಾಯಕರ ವಂಶ ಮುಗಿಯಿತು. ಓಬವ್ವ ಉಳಿದಳು. ಕಿಂಡಿಗೂ ಅವಳ ಒನಕೆಯ ಹೆಸರು, ಆಟದ ಬಯಲಿಗೂ ಅವಳ ಹೆಸರು. 2021ರಿಂದ ಸರಕಾರವೇ ನವೆಂಬರ್ 11ಕ್ಕೆ ಅವಳ ಜಯಂತಿ ಮಾಡುತ್ತಿದೆ. ಹೆಸರು ಸಿಕ್ಕವಳು ದೆವ್ವ ಆಗಲಿಲ್ಲ. ಆದರೆ ಜಯಂತಿಯ ಭಾಷಣಗಳಲ್ಲಿ ಅವಳ ಸ್ವಾಮಿನಿಷ್ಠೆಯನ್ನೇ ಹೊಗಳಿ ಹೊಗಳಿ, ಆ ಕೋಟೆಯೊಳಗೆ ಅವಳ ಗುಡಿಸಲು ಎಲ್ಲಿತ್ತು, ಅವಳ ಜನ ಯಾವ ಬಾವಿಯ ನೀರು ಸೇದುತ್ತಿದ್ದರು ಅಂತ ಯಾರೂ ಕೇಳದಿರುವುದು ನನಗೆ ಕಿರಿಕಿರಿ.

ನಿಧಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಯಾವ ಹಾಳು ಕಿಲ್ಲೆಗೆ ಹೋದರೂ ಅಲ್ಲಲ್ಲಿ ಅಗೆದ ಗುಂಡಿ, ಕುಂಕುಮ, ಒಡೆದ ತೆಂಗಿನಕಾಯಿ, ಲಿಂಬೆಹಣ್ಣು. ಹಗಲು "ಅಲ್ಲಿ ದೆವ್ವ ಐತಿ, ದನಾ ಬಿಡಬ್ಯಾಡ್ರಿ" ಅಂತ ಕೇರಿ ಮಕ್ಕಳನ್ನು ಗದರಿಸುವ ಬಾಯಿ, ರಾತ್ರಿ ಗುದ್ದಲಿ ಹಿಡಿದ ಕೈ, ಎರಡೂ ಒಂದೇ ಮೈಯವು ಆಗಿರುವುದು ಉಂಟು. ಈ ಹುಚ್ಚು ಬರೀ ನಗುವ ವಿಷಯ ಅಲ್ಲ. ನಿಧಿಗೆ ಚೊಚ್ಚಲ ನೆತ್ತರು ಬೇಕೆಂಬ ನಂಬಿಕೆ ಬುರುಜಿನ ಕನಸಿನ ಮೊಮ್ಮಗ. ಕರ್ನಾಟಕದಲ್ಲಿ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ ಕಾಯ್ದೆ ಆಯಿತು, 2020ರ ಜನವರಿಯಿಂದ ಜಾರಿಗೆ ಬಂತು. ನಿಧಿ ಹುಡುಕಲು ವಾಮಾಚಾರ ಮಾಡುವುದು ಅದರ ಪ್ರಕಾರ ಅಪರಾಧ. ಹಳ್ಳಿಯ ಮಾಸ್ತರರು ಇದನ್ನು ಮಕ್ಕಳಿಗೆ ಹೇಳಬೇಕು. ಮುಚ್ಚಿದ ನೆಲಮಾಳಿಗೆ, ಹಾಳು ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ, ಇಳಿದವನು ಉಸಿರು ಕಟ್ಟಿ ಸಾಯುತ್ತಾನೆ, ಅವನನ್ನು ಎತ್ತಲು ಇಳಿದ ಎರಡನೆಯವನೂ ಸಾಯುತ್ತಾನೆ, ಅದನ್ನೇ ಜನ ನಿಧಿ ಕಾಯುವ ದೆವ್ವ ಹೊಡೀತು ಅನ್ನುತ್ತಾರೆ ಅಂತಲೂ ಹೇಳಬೇಕು. ಗೋಡೆಯ ಸಂದಿನಲ್ಲಿ ಮನುಷ್ಯರ ಹಾಗೆ ಚೀರುವುದು ಗೂಗಿ. ಇಷ್ಟು ವಿಜ್ಞಾನ ಸಾಕು. ಅದರಿಂದ ಹೆದರಿಕೆ ಹೋಗುತ್ತದೆ. ಹೆದರಿಕೆ ಹೋದಮೇಲೆ ಉಳಿಯುವ "ನಮ್ಮವನು" ಯಾರು ಎಂಬುದು ಬೇರೆ ಪ್ರಶ್ನೆ.

ಅದಕ್ಕೆ ಉತ್ತರ ಗುಡ್ಡದ ಮೇಲಿಲ್ಲ, ಕೆಳಗೆ ಇದೆ. ಕೋಟೆ ಹೋದರೂ ಚಾಕರಿಯ ಕರಾರು ಹಳ್ಳಿಗಳಲ್ಲಿ ಮುಂದುವರಿಯಿತು. 1874ರಲ್ಲಿ ಮುಂಬಯಿ ಸರಕಾರ ವತನಕ್ಕೆ ಕಾಯ್ದೆಯ ಮುದ್ರೆಯನ್ನೂ ಒತ್ತಿತು. ತುಂಡು ಹೊಲ, ಅದಕ್ಕೆ ಬದಲು ಹಗಲಿರುಳು ಬಿಟ್ಟಿ ಓಡಾಟ. ಸಾಮಾನಗಡ ಕೆಡವಿದ ಎಪ್ಪತ್ತನಾಲ್ಕು ವರ್ಷಕ್ಕೆ, 1918ರಲ್ಲಿ, ಅದೇ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು ಮಹಾರ ವತನ ರದ್ದು ಮಾಡಿದರು. 1925ರ ಏಪ್ರಿಲ್‌ನಲ್ಲಿ ಬಾಬಾಸಾಹೇಬರು ನಮ್ಮ ನಿಪ್ಪಾಣಿಗೇ ಬಂದು ಪರಿಷತ್ತು ನಡೆಸಿದರು. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ವತನ ಕಾಯ್ದೆಯ ತಿದ್ದುಪಡಿ ಮಂಡಿಸಿದರು. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದತಿಗೆ ಕಾಯ್ದೆ ಬರಲು 1961 ಆಗಬೇಕಾಯಿತು. ವತನ ಹೊಲ ಅದನ್ನು ಹಿಡಿದವರಿಗೇ ಮರಳಿ ಮಂಜೂರು ಆಗಬೇಕು ಅಂತ ಅದರಲ್ಲಿ ಇತ್ತು.

ನಿಮ್ಮೂರ ಗಡದ ಕತೆ ಬರೆದುಕೊಳ್ಳಿ ಗೆಳೆಯರೆ. ದೆವ್ವದ ಹೆಸರೇನು, ಯಾವ ಕೇರಿ, ಯಾರು ಹೂತರು, ಯಾರಿಗೆ ಇನಾಮು ಸಿಕ್ಕಿತು ಅಂತ ಮುದುಕಿಯರನ್ನು ಕೂರಿಸಿಕೊಂಡು ಕೇಳಿ. ಅವರು ಹೇಳಿದ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ. ಆಮೇಲೆ ಒಂದು ಸೋಮವಾರ ರಜಾ ಹಾಕಿ ತಹಶೀಲದಾರ ಕಚೇರಿಗೆ ಹೋಗಿ, ಗುಡ್ಡದ ಬುಡದ ಹೊಲಗಳ ಹಳೆಯ ಉತಾರ ತೆಗೆಸಿ. 1961ರ ಮುಂಚೆ ಯಾರ ಹೆಸರು ಇತ್ತು, ಈಗ ಯಾರ ಹೆಸರು ಇದೆ, ನಡುವೆ ಯಾವ ವರ್ಷ, ಯಾರ ಹೆಬ್ಬೆಟ್ಟಿನ ಮೇಲೆ ಅದು ಬದಲಾಯಿತು, ನೋಡಿಕೊಂಡು ಬನ್ನಿ.